ಉಪ್ಪಿನ ಮೇಲೆ ಎಣ್ಣೆ

ಕಳೆದ ಚಳಿಗಾಲದ ಒಂದು ಭಾನುವಾರ ನಾವು, ಸಂಘದ ಏಳೆಂಟು ಕುಟುಂಬಗಳವರು, ಬುತ್ತಿ ಕಟ್ಟಿಕೊಂಡು ಭಿಗವಣದ ಕಡೆಗೆ ಹೊರಟೆವು. ಕುರಕುಂಭದಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಅರ್ಧ ಮುಕ್ಕಾಲು ಗಂಟೆ ಹೋದರೆ ಸಾಕು, ಉಜನಿ ಅಣೆಕಟ್ಟಿನ ಹಿನ್ನೀರು ಕಣ್ಣಿಗೆ ಬೀಳುತ್ತದೆ. ೧೯೮೦ರಲ್ಲಿ ಅಣೆಕಟ್ಟು ಮುಗಿದ ಮೇಲೆ ಭೀಮೆ ಅಲ್ಲಿ ಹೊಳೆಯಾಗಿ ಉಳಿದಿಲ್ಲ. ಆಚೆ ದಡ ಕಾಣದ ಹಾಗೆ ಹರಡಿಕೊಂಡಿದ್ದಾಳೆ. ಇದೇ ನೀರು ಮುಂದೆ ಪಂಢರಾಪುರವನ್ನು ದಾಟಿ ನಮ್ಮ ಗಾಣಗಾಪುರಕ್ಕೆ ಹೋಗುತ್ತದೆಂದು ನೆನೆದರೆ ಪರವೂರಿನಲ್ಲಿರುವವರಿಗೆ ಏನೋ ಒಂದು ಸಮಾಧಾನ. ಚಳಿಗಾಲದಲ್ಲಿ ಅಲ್ಲಿಗೆ ರಾಜಹಂಸಗಳು ಬರುತ್ತವೆ. ಇಲ್ಲಿಯವರು ಅವನ್ನು ರೋಹಿತ ಎನ್ನುತ್ತಾರೆ. ಬೆಸ್ತರು ತಮ್ಮ ದೋಣಿಗಳಲ್ಲಿ ಕೂರಿಸಿಕೊಂಡು ಹೋಗಿ ತೋರಿಸುತ್ತಾರೆ.

ನಾವು ಹತ್ತಿದ ದೋಣಿಗೆ ಹಿಂದುಗಡೆ ಒಂದು ಪುಟ್ಟ ಯಂತ್ರವಿತ್ತು. ಅರ್ಧ ದಾರಿಗೆ ಹೋಗುವಷ್ಟರಲ್ಲಿ ನೀರಿನ ಕಳೆಯೋ ಹಳೆಯ ಬಲೆಯ ಎಳೆಯೋ ಅದರ ರೆಕ್ಕೆಗೆ ಸುತ್ತಿಕೊಂಡು ಯಂತ್ರ ನಿಂತಿತು. ದೋಣಿಯವನು ಗಾಬರಿಯಾಗಲಿಲ್ಲ. ಹಲಗೆಯ ಕೆಳಗಿನಿಂದ ತಗಡಿನ ಪೆಟ್ಟಿಗೆಯೊಂದನ್ನು ಎಳೆದು, ಮುಚ್ಚಳ ತೆರೆದು, ಇಕ್ಕಳ ತೆಗೆದ. ಇಕ್ಕಳವೇನೋ ಬಂತು, ಅದರ ಬಾಯಿ ಮಾತ್ರ ತೆರೆಯಲೊಲ್ಲದು. ಎರಡು ಕೈಗಳಿಂದ ಹಿಡಿದು ಎಳೆದ, ದೋಣಿಯ ಅಂಚಿಗೆ ಬಡಿದ, ಕೊನೆಗೆ ನಮ್ಮ ಮುಖ ನೋಡಿ ನಕ್ಕು, "ಗಂಜ್ ಲಾಗಲಾ ಸಾಹೇಬ" ಎಂದ.

ಊರಿನಿಂದ ಹತ್ತು ದಿನದ ಮಟ್ಟಿಗೆ ಬಂದಿದ್ದ ನಮ್ಮ ಅತ್ತೆಯವರು ಥಟ್ಟನೆ ತಿರುಗಿ, "ಗಂಜಿಯೆ? ಈ ನಡುನೀರಿನಲ್ಲಿ ಗಂಜಿ ಎಲ್ಲಿಂದ ಬಂತು?" ಎಂದು ಕೇಳಿದರು. ಮರಾಠಿಯಲ್ಲಿ ತುಕ್ಕಿಗೆ ಗಂಜ್ ಎನ್ನುತ್ತಾರೆಂದು ಮಕ್ಕಳು ಅಜ್ಜಿಗೆ ಬಿಡಿಸಿ ಹೇಳುವಷ್ಟರಲ್ಲಿ ದೋಣಿಯವನು ಕುಡುಗೋಲಿನಿಂದ ಎಳೆಯನ್ನು ಕೊಯ್ದು ಹಾಕಿದ್ದ. ಯಂತ್ರ ಹೊರಟಿತು. ಹಕ್ಕಿಗಳನ್ನೂ ನೋಡಿದೆವು. ಎಲ್ಲರೂ ನಕ್ಕರು. ನಾವೂ ನಕ್ಕೆವೆನ್ನಿ. ಆದರೆ ಆ ಬಾಯಿ ಬಿಡದ ಇಕ್ಕಳವನ್ನು ಕಂಡಾಗ ನಮ್ಮ ಎದೆ ಒಂದು ಕ್ಷಣ ಹಿಡಿದುಕೊಂಡದ್ದನ್ನು ಯಾರಿಗೂ ಹೇಳಲಿಲ್ಲ. ಹಿನ್ನೀರಿನಲ್ಲಿ ಅದು ನಗೆಯ ಮಾತು. ಅಳಿವೆಯ ಬಾಯಲ್ಲಿ ಹಾಗಲ್ಲ.

ನಮ್ಮ ತಂಗಿಯನ್ನು ಕೊಟ್ಟದ್ದು ಗಂಗೊಳ್ಳಿಗೆ. ಕುಂದಾಪುರದಲ್ಲಿ ನಿಂತು ನೋಡಿದರೆ ನೀರಿನ ಆಚೆಗೆ ಕಾಣುವ ಊರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಅಲ್ಲಿ ಕೂಡಿ ಪಂಚಗಂಗಾವಳಿಯಾಗಿ ಕಡಲಿಗೆ ಬೀಳುತ್ತವೆ. ಹೊಳೆ ಕಡಲಿಗೆ ಸೇರುವ ಆ ಬಾಯಿಗೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಹೊಳೆ ತಂದು ಹಾಕುವ ಮರಳು, ಕಡಲು ಹಿಂದಕ್ಕೆ ನೂಕುವ ತೆರೆ, ಇವೆರಡರ ನಡುವೆ ಬೋಟು ಹಾದುಹೋಗಬೇಕು. ಯಂತ್ರ ಓಡುತ್ತಿರುವಷ್ಟು ಹೊತ್ತು ಅದು ದಾರಿ. ಯಂತ್ರ ನಿಂತರೆ ಅದೇ ಬಾಯಿ.

ನಮ್ಮ ಭಾವನವರಿಗೆ ಒಂದು ಬೋಟಿನಲ್ಲಿ ಪಾಲಿದೆ, ತಂಡೇಲರೂ ಅವರೇ. ಪಶ್ಚಿಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರ ತನಕ, ಅರುವತ್ತೊಂದು ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ ಎಂಬುದನ್ನು ವಾಚಕರು ಬಲ್ಲರಷ್ಟೆ. ಆ ಎರಡು ತಿಂಗಳು ಬಲೆ ಹೆಣೆಯುವುದು, ಬಣ್ಣ ಬಳಿಯುವುದು, ಯಂತ್ರ ಬಿಚ್ಚಿ ಜೋಡಿಸುವುದು. ನಾಲ್ಕು ವರ್ಷಗಳ ಕೆಳಗೆ ಅವರ ಬೋಟಿನ ಯಂತ್ರವನ್ನು ದುರಸ್ತಿ ಮಾಡಿದವರು ತಮ್ಮ ಹತ್ಯಾರುಗಳನ್ನೇ ತಂದಿದ್ದರಂತೆ. ಹಾಗಾಗಿ ಬೋಟಿನ ಪೆಟ್ಟಿಗೆಯನ್ನು ಮೇ ತಿಂಗಳ ಕೊನೆಯ ದಿನ ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು. ಆಗಸ್ಟಿನಲ್ಲಿ ಅದು ಹಾಗೆಯೇ ಬೋಟು ಹತ್ತಿತು.

ಸೆಪ್ಟೆಂಬರಿನ ಒಂದು ಬೆಳಗಿನ ಜಾವ, ಮೀನು ತುಂಬಿಕೊಂಡು ಹಿಂದಿರುಗುವಾಗ, ಅಳಿವೆಗೆ ಇನ್ನು ಕೂಗಳತೆಯ ದೂರವಿದೆಯೆನ್ನುವಲ್ಲಿ ಯಂತ್ರ ಎರಡು ಸಲ ಕೆಮ್ಮಿ ನಿಂತಿತು. ಡೀಸೆಲ್ ಪೈಪಿಗೆ ಗಾಳಿ ಸೇರಿತ್ತು. ಇದೇನು ದೊಡ್ಡ ರೋಗವಲ್ಲ. ಪಂಪಿನ ಬಳಿಯ ನಟ್ಟನ್ನು ಒಂದು ಸುತ್ತು ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆಗಳೆಲ್ಲ ಹೋಗಿ ಬರಿಯ ಡೀಸೆಲ್ ಬರತೊಡಗಿದ ಮೇಲೆ ಮತ್ತೆ ಬಿಗಿದರೆ ತೀರಿತು. ಐದು ನಿಮಿಷದ ಕೆಲಸ. ಆ ನಟ್ಟಿಗೆ ಹೊಂದುವ ಹದಿನೇಳರ ಸ್ಪ್ಯಾನರು ಹಿಂದಿನ ಸೀಸನ್ನಿನಲ್ಲೇ ಕಡಲಪಾಲಾಗಿತ್ತು. ಅದಕ್ಕೆ ಬದಲಾಗಿ ಸ್ಕ್ರೂ ಸ್ಪ್ಯಾನರು ಇದೆಯಲ್ಲ ಎಂಬ ಧೈರ್ಯ. ಪೆಟ್ಟಿಗೆ ತೆರೆದರೆ ಅದರ ತಿರುಗುಮುರುಗು ಅಲ್ಲಾಡದು. ಇಕ್ಕಳಗಳೆರಡೂ ಕಲ್ಲು. ಸುತ್ತಿಗೆಯಿಂದ ಬಡಿದರು, ಡೀಸೆಲ್ ಸುರಿದರು, ಬೆಂಕಿ ಹಿಡಿಯೋಣವೆಂದರೆ ಡೀಸೆಲ್ ಸುರಿದಾಗಿದೆ. ಲಂಗರು ಹಾಕಿದರೆ ಅದು ಮರಳಿನಲ್ಲಿ ಕಚ್ಚದೆ ಉಳುತ್ತಾ ಬಂತು. ಬೋಟು ಅಡ್ಡ ತಿರುಗಿತು. ಏಳು ಜನ.

ಅಂದು ಅವರನ್ನು ಉಳಿಸಿದ್ದು ಹಿಂದಿನಿಂದ ಬಂದ ಇನ್ನೊಂದು ಬೋಟು. ಹಗ್ಗ ಎಸೆದು ಎಳೆದು ತಂದರು. ಬೋಟಿನ ಅಡಿ ಎರಡು ಸಲ ಮರಳಿಗೆ ತಗಲಿತಂತೆ, ಬಲೆಯ ಒಂದು ಭಾಗ ಹೋಯಿತು, ಕಲಾಸಿಯೊಬ್ಬನ ಭುಜ ಕಳಚಿತು. ಅಷ್ಟರಲ್ಲೇ ಮುಗಿಯಿತು. ನಮಗೆ ಸುದ್ದಿ ತಿಳಿದದ್ದು ಸಂಜೆ, ತಂಗಿಯ ಫೋನಿನಲ್ಲಿ. ಅವಳು ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು. "ಅಣ್ಣಾ, ನೀನು ಕಾರ್ಖಾನೆಯಲ್ಲಿ ದಿನವಿಡೀ ಹತ್ಯಾರುಗಳನ್ನೇ ಕಾಯುವವನು. ಇವರಿಗೆ ಒಂದು ಮಾತು ಹೇಳಬಾರದಿತ್ತೆ?" ಎಂದಳು.

ಹೇಳಲು ನಮ್ಮಲ್ಲಿ ಏನಿತ್ತು? ಆ ಅಕ್ಟೋಬರಿನಲ್ಲಿ ಗಂಗೊಳ್ಳಿಗೆ ಹೋಗಿ ಪೆಟ್ಟಿಗೆಯನ್ನು ನೋಡಿದೆವು. ನಮ್ಮ ಭಾವ ಮಿತಭಾಷಿ. ಪೆಟ್ಟಿಗೆಯನ್ನು ದಕ್ಕೆಯ ಮೇಲೆ ತಂದಿಟ್ಟು, "ಎಣ್ಣೆ ಹಾಕಿಯೇ ಇಟ್ಟದ್ದು ಭಾವ. ಸುಳ್ಳಲ್ಲ" ಎಂದರು. ಸುಳ್ಳಾಗಿರಲಿಲ್ಲ. ಕೈಯಿಟ್ಟರೆ ಎಣ್ಣೆ ಅಂಟುತ್ತಿತ್ತು. ಎಣ್ಣೆಯ ಕೆಳಗೆ, ಎಣ್ಣೆಯ ಒಳಗೆ, ಕೆಂಪು ತುಕ್ಕು ಹಪ್ಪಳದಂತೆ ಎದ್ದಿತ್ತು. ಎಣ್ಣೆ ಹಾಕಿದರೆ ತುಕ್ಕು ಹಿಡಿಯದು ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದ ನಮಗೆ ಇದೊಂದು ಒಗಟಾಯಿತು. ಅಜಾಗರೂಕನ ಹತ್ಯಾರು ಕೆಟ್ಟರೆ ಆಶ್ಚರ್ಯವಿಲ್ಲ. ಜಾಗರೂಕನದು ಕೆಟ್ಟಿತಲ್ಲ!

ಆ ಒಗಟಿನ ಉತ್ತರ ಅಡಿಗೆಮನೆಯಲ್ಲಿದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯೊಳಗೆ ನೀರು ನಿಲ್ಲುವುದನ್ನು ಗೃಹಿಣಿಯರೆಲ್ಲ ಬಲ್ಲರು. ಯಾರೂ ನೀರು ಹೊಯ್ದಿರುವುದಿಲ್ಲ. ಉಪ್ಪೇ ಗಾಳಿಯಿಂದ ಎಳೆದುಕೊಂಡಿರುತ್ತದೆ. ಶುದ್ಧವಾದ ಅಡಿಗೆಯ ಉಪ್ಪು ನೀರಾಗಬೇಕಾದರೆ ಗಾಳಿಯ ತೇವ ನೂರಕ್ಕೆ ಎಪ್ಪತ್ತೈದರಷ್ಟಾದರೂ ಇರಬೇಕು. ಸಮುದ್ರದ ನೀರಿನಲ್ಲಾದರೋ ಲೀಟರಿಗೆ ಸುಮಾರು ೩೫ ಗ್ರಾಮು ಲವಣಗಳಿವೆ, ಅವೆಲ್ಲವೂ ಅಡಿಗೆಯ ಉಪ್ಪಲ್ಲ. ಅದರಲ್ಲಿ ಮೆಗ್ನೀಸಿಯಮ್ ಕ್ಲೋರೈಡು ಎಂಬುದೊಂದಿದೆ. ಅದಕ್ಕೆ ದಾಹ ಹೆಚ್ಚು. ನೂರಕ್ಕೆ ಮೂವತ್ತಮೂರು ತೇವವಿದ್ದರೂ ಸಾಕು, ಹೀರಿಕೊಂಡು ನೀರಾಗುತ್ತದೆ. ಕರಾವಳಿಯಲ್ಲಿ ಗಾಳಿ ಅಷ್ಟು ಒಣಗುವ ದಿನ ವರ್ಷದಲ್ಲಿ ಎಷ್ಟಿದ್ದೀತು? ಕಡಲ ನೀರು ತಗಲಿದ ಸ್ಪ್ಯಾನರು ಒಣಗಿದಂತೆ ಕಂಡರೂ ಒಣಗಿರುವುದಿಲ್ಲ ಎಂಬುದೇ ಇದರ ತಾತ್ಪರ್ಯ. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಕೂಡಿದರೆ ತುಕ್ಕು. ಉಪ್ಪು ಆ ನೀರನ್ನು ಬಿಡದೆ ಹಿಡಿದಿಡುತ್ತದೆ, ಜೊತೆಗೆ ವಿದ್ಯುತ್ತು ಸುಲಭವಾಗಿ ಹರಿಯುವಂತೆ ಮಾಡಿ ಕೆಲಸವನ್ನು ಚುರುಕುಗೊಳಿಸುತ್ತದೆ.

ಇನ್ನು ಎಣ್ಣೆ. ಎಣ್ಣೆಯ ಪದರು ಗೋಡೆಯಲ್ಲ, ಪರದೆ. ತೇವವೂ ಆಮ್ಲಜನಕವೂ ಅದರ ಮೂಲಕ ನಿಧಾನವಾಗಿ ಇಳಿಯುತ್ತವೆ. ಕೆಳಗೆ ಕಬ್ಬಿಣ ಶುಚಿಯಾಗಿದ್ದರೆ ಆ ನಿಧಾನವೇ ಸಾಕಾದ ರಕ್ಷಣೆ. ಕೆಳಗೆ ಉಪ್ಪಿನ ಕಣ ಕುಳಿತಿದ್ದರೆ ಅದು ಪರದೆಯ ಹಿಂದಿನಿಂದ ತೇವವನ್ನು ಎಳೆಯುತ್ತಲೇ ಇರುತ್ತದೆ. ಎಳೆದದ್ದು ಹೊರಗೆ ಆರಿಹೋಗದಂತೆ ಎಣ್ಣೆಯೇ ಕಾವಲು ನಿಲ್ಲುತ್ತದೆ.

ಇದನ್ನು ಪುಸ್ತಕದಲ್ಲಿ ಓದಿ ನಂಬುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ಮಾರನೆಯ ಮಳೆಗಾಲದಲ್ಲಿ ದೌಂಡದ ಸಂತೆಯಿಂದ ಅಗ್ಗದ ಇಕ್ಕಳ ಮೂರು ಕೊಂಡು ತಂದೆವು. ಒಂದು ಲೀಟರು ನೀರಿಗೆ ೩೫ ಗ್ರಾಮು ಕಲ್ಲುಪ್ಪು ಕದಡಿ ಮೂರನ್ನೂ ಮುಳುಗಿಸಿ ತೆಗೆದೆವು. ಒಂದನ್ನು ಹಾಗೆಯೇ ಇಟ್ಟೆವು. ಎರಡನೆಯದನ್ನು ಬಟ್ಟೆಯಿಂದ ಒರಸಿ ಎಣ್ಣೆ ಸವರಿದೆವು. ಮೂರನೆಯದನ್ನು ನಲ್ಲಿಯ ನೀರಿನಲ್ಲಿ ಬಾಯಿ ತೆರೆದು ಮುಚ್ಚಿ ತೊಳೆದು, ಒಲೆಯ ಪಕ್ಕ ಕಾಯಿಸಿ ಒಣಗಿಸಿ, ಅದೇ ಎಣ್ಣೆ ಸವರಿದೆವು. ಮೂರನ್ನೂ ಬೇರೆ ಬೇರೆ ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿ, ಬಚ್ಚಲುಮನೆಯ ಅಟ್ಟದ ಮೇಲೆ ಇಟ್ಟೆವು. ತಿಂಗಳ ಮೇಲೆ ತೆಗೆದರೆ, ಮೊದಲನೆಯದು ಹೇಗಿತ್ತೆಂದು ಹೇಳಬೇಕಾಗಿಲ್ಲ. ಎರಡನೆಯದು, ಒರಸಿ ಎಣ್ಣೆ ಹಾಕಿದ್ದು, ಕೀಲಿನ ಸುತ್ತ ಕೆಂಪಾಗಿ, ತೆರೆಯಲು ಎರಡು ಕೈ ಬೇಕಾದವು. ಮೂರನೆಯದು ಕೊಂಡ ದಿನದ ಹಾಗೆ ಇತ್ತು. ಆ ಇಕ್ಕಳ ಈಗಲೂ ನಮ್ಮ ಮನೆಯಲ್ಲಿ ಗ್ಯಾಸಿನ ಒಲೆಯ ಬಳಿ ಕೆಲಸಕ್ಕಿದೆ.

ಕೀಲು ಏಕೆ ಮೊದಲು ಹಿಡಿಯುತ್ತದೆಂಬುದನ್ನೂ ಹೇಳಿಬಿಡೋಣ. ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ. ಅದು ಆಕ್ರಮಿಸುವ ಜಾಗ ಮೂಲ ಕಬ್ಬಿಣದ ಎರಡು ಮೂರು ಪಟ್ಟು, ಕೆಲವು ಸಲ ಇನ್ನೂ ಹೆಚ್ಚು. ಬಯಲಿನಲ್ಲಿ ಊದಿಕೊಂಡರೆ ಪುಡಿಯಾಗಿ ಉದುರುತ್ತದೆ. ಎರಡು ಲೋಹದ ತುಂಡುಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಊದಿಕೊಂಡರೆ ಬೆಣೆ ಹೊಡೆದಂತೆ. ಉಪ್ಪುನೀರು ಹೋಗಿ ನಿಲ್ಲುವುದೂ ಆ ಸಂದಿಯಲ್ಲೇ, ಬಟ್ಟೆಯಿಂದ ಒರಸಿದರೆ ಬಾರದೆ ಉಳಿಯುವುದೂ ಅಲ್ಲೇ. ಆದುದರಿಂದ ಒರಸುವುದು ತೊಳೆದಂತೆ ಅಲ್ಲ. ಸಿಹಿನೀರಿನಲ್ಲಿ ಅದ್ದಿ, ಕೀಲನ್ನು ಆಡಿಸಿ ಆಡಿಸಿ, ಒಳಗಿನ ಉಪ್ಪನ್ನು ಹೊರಡಿಸಬೇಕು. ಕಡಲಲ್ಲಿ ಸಿಹಿನೀರಿಗೆ ಬೆಲೆ ಹೆಚ್ಚು ನಿಜ. ದಕ್ಕೆಗೆ ಬಂದ ಮೇಲೆ ಅರ್ಧ ಬಕೆಟ್ಟು ಸಾಕು.

ನಮ್ಮ ಅಜ್ಜಿ ಕಬ್ಬಿಣದ ಕಾವಲಿಯನ್ನು ಇಟ್ಟುಕೊಳ್ಳುತ್ತಿದ್ದ ರೀತಿ ನಮಗೆ ಆಗ ನೆನಪಿಗೆ ಬಂತು. ದೋಸೆ ಮುಗಿದ ಮೇಲೆ ತೊಳೆದು, ಆರುತ್ತಿರುವ ಒಲೆಯ ಮೇಲೆ ಮತ್ತೆ ಇಟ್ಟು, ನೀರೆಲ್ಲ ಹೋದ ಮೇಲೆ ತೆಂಗಿನ ನಾರಿನ ಚೂರನ್ನು ಎಣ್ಣೆಯಲ್ಲಿ ಅದ್ದಿ ಒರಸಿ ಗೋಡೆಗೆ ತೂಗುಹಾಕುತ್ತಿದ್ದಳು. ತೊಳೆ, ಕಾಯಿಸು, ಎಣ್ಣೆ ಹಚ್ಚು, ತೂಗುಹಾಕು. ಅವಳ ಕ್ರಮದಲ್ಲಿ ಒಂದನ್ನಾದರೂ ಹಿಂದುಮುಂದು ಮಾಡಿದರೆ ಗದರುತ್ತಿದ್ದಳು. ಮುಚ್ಚಿದ ಪೆಟ್ಟಿಗೆಯೊಳಗೆ ಕಾವಲಿಯನ್ನು ಇಟ್ಟವರನ್ನು ನಾವಂತೂ ಕಂಡಿಲ್ಲ.

ಆದರೆ ಬೋಟಿನಲ್ಲಿ ಪೆಟ್ಟಿಗೆ ಬೇಕೇ ಬೇಕು, ಅಲ್ಲೇ ಇರುವುದು ತೊಡಕು. ಸರಿಯಾಗಿ ಮುಚ್ಚದ ಪೆಟ್ಟಿಗೆ ಉಸಿರಾಡುತ್ತದೆ. ಹಗಲು ಯಂತ್ರದ ಕೋಣೆ ಕಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ರಾತ್ರಿ ತಣಿದಾಗ ಹೊರಗಿನ ತೇವದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೂವತ್ತು ಡಿಗ್ರಿಯ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ ೩೦ ಗ್ರಾಮು ನೀರಾವಿಯನ್ನು ಹೊರಬಲ್ಲುದು. ಇಪ್ಪತ್ತು ಡಿಗ್ರಿಗೆ ಇಳಿದರೆ ಹದಿನೇಳೇ ಗ್ರಾಮು. ಉಳಿದದ್ದು ಇಬ್ಬನಿಯಾಗಿ ಇಳಿಯಬೇಕಲ್ಲವೆ? ತಣ್ಣನೆಯ ಕಬ್ಬಿಣವೇ ಅದಕ್ಕೆ ಮೊದಲ ಮಣೆ. ಪೆಟ್ಟಿಗೆ ಚಿಕ್ಕದು, ಇಬ್ಬನಿಯೂ ಹನಿಯಷ್ಟೆ. ಆದರೆ ದಿನವೂ ಬರುತ್ತದೆ, ಹೋಗುವುದಿಲ್ಲ. ಅದರ ಮೇಲೆ ಪೆಟ್ಟಿಗೆಯ ತಳಕ್ಕೆ ಹತ್ತಿಯ ವೇಸ್ಟನ್ನೋ ಗೋಣಿಯನ್ನೋ ಹಾಸಿರುತ್ತಾರೆ. ಒಂದು ಸಲ ಉಪ್ಪುನೀರು ಕುಡಿದ ಗೋಣಿ ಆಮೇಲೆ ಎಂದಿಗೂ ಒಣಗುವುದಿಲ್ಲ. ಭಿಗವಣದ ದೋಣಿಯ ಪೆಟ್ಟಿಗೆಯಲ್ಲೂ ನಾವು ಇದನ್ನೇ ಕಂಡೆವು. ಅಲ್ಲಿ ಉಪ್ಪಿಲ್ಲ, ತಳದಲ್ಲಿ ಒದ್ದೆಗೋಣಿ ಇತ್ತು, ಮೇಲೆ ಭದ್ರವಾದ ಮುಚ್ಚಳ. ಸಿಹಿನೀರಿನ ತುಕ್ಕು ನಿಧಾನ, ಅಷ್ಟೆ.

ಹಾಗಾದರೆ ಮಾಡಿದ್ದೇನು? ಮೊದಲು, ಪೆಟ್ಟಿಗೆಯನ್ನು ಎರಡು ಮಾಡಿಸಿದೆವು. ದಿನವೂ ಕೈಗೆ ಬೇಕಾದ ಹತ್ಯಾರುಗಳು ಒಂದು ಕಡೆ, ಪ್ರಾಣಕ್ಕೆ ಬೇಕಾದವು ಇನ್ನೊಂದು ಕಡೆ. ದಿನದವು ಪೆಟ್ಟಿಗೆಯಲ್ಲೇ ಇಲ್ಲ; ಯಂತ್ರದ ಕೋಣೆಯ ಹಲಗೆಗೆ ಮೊಳೆ ಹೊಡೆದು ತೂಗುಹಾಕಿವೆ, ಗಾಳಿಯಾಡುತ್ತದೆ, ಯಂತ್ರದ ಕಾವೂ ತಾಗುತ್ತದೆ. ಬ್ಯಾಟರಿಯಿಂದ ದೂರ, ಇದನ್ನು ಮರೆಯಬಾರದು. ಬ್ಯಾಟರಿಯ ಆಮ್ಲದ ಆವಿ ಉಪ್ಪಿಗಿಂತ ಕೆಟ್ಟದ್ದು. ಬೋಟು ದಕ್ಕೆಗೆ ಬಂದ ಕೂಡಲೇ ಅಂದು ಬಳಸಿದ ಹತ್ಯಾರುಗಳನ್ನೆಲ್ಲ ಸಿಹಿನೀರಿನ ಬಕೆಟ್ಟಿಗೆ ಹಾಕಿ ಆಡಿಸಿ, ಇನ್ನೂ ಬಿಸಿಯಿರುವ ಯಂತ್ರದ ಮೇಲೆ ಹತ್ತು ನಿಮಿಷ ಹರಡಿ, ಎಣ್ಣೆಬಟ್ಟೆಯಿಂದ ಒರಸಿ ತೂಗುಹಾಕುವುದು. ಕಿರಿಯ ಕಲಾಸಿಗೆ ಈ ಕೆಲಸ. ಆರಂಭದಲ್ಲಿ ಅವನು ಗೊಣಗಿದ.

ಎಣ್ಣೆ ಯಾವುದು? ಯಂತ್ರದಿಂದ ಇಳಿಸಿದ ಕರಿ ಎಣ್ಣೆಯನ್ನೇ ಬಳಸುವುದು ಎಲ್ಲ ಕಡೆ ವಾಡಿಕೆ, ಪುಕ್ಕಟೆ ಸಿಗುತ್ತದೆ. ಅದು ಬೇಡವೆಂದು ನಾವು ಹಟ ಹಿಡಿದೆವು. ಸುಟ್ಟ ಎಣ್ಣೆಯಲ್ಲಿ ಆಮ್ಲಗಳೂ ನೀರೂ ಸೇರಿರುತ್ತವೆ, ಚರ್ಮಕ್ಕೂ ಒಳ್ಳೆಯದಲ್ಲ. ಹೊಸ ಎಣ್ಣೆಯ ಅಗ್ಗದ ಡಬ್ಬಿಯೊಂದು ವರ್ಷ ಪೂರ್ತಿ ಬರುತ್ತದೆ. ಡಬ್ಲ್ಯೂಡಿ-೪೦ ಎಂಬ ನೀಲಿ ಹಳದಿ ಡಬ್ಬಿಯನ್ನು ಅನೇಕರು ಸರ್ವರೋಗಕ್ಕೂ ಮದ್ದೆಂದು ತಿಳಿದಿದ್ದಾರೆ. ಅದು ಹುಟ್ಟಿದ್ದು ೧೯೫೩ರಲ್ಲಿ, ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ, ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಲು. ನೀರನ್ನು ಅಟ್ಟುವ ನಲವತ್ತನೆಯ ಪ್ರಯತ್ನ ಎಂಬುದೇ ಅದರ ಹೆಸರಿನ ಅರ್ಥ. ಹೆಸರಿಗೆ ತಕ್ಕಂತೆ ನೀರನ್ನು ಅಟ್ಟುತ್ತದೆ, ಹಿಡಿದ ಕೀಲನ್ನು ಬಿಡಿಸಲೂ ನೆರವಾಗುತ್ತದೆ. ಆದರೆ ಅದರ ಪದರು ತೆಳು. ಎರಡು ತಿಂಗಳ ಮಳೆಗಾಲವನ್ನು ಅದರ ಹೆಗಲಿಗೆ ಹಾಕಿ ಮಲಗುವಂತಿಲ್ಲ. ಬಹುಕಾಲ ಮುಟ್ಟದೆ ಇಡುವ ಹತ್ಯಾರಿಗೆ ಗ್ರೀಸು, ಇಲ್ಲವೆ ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೋಲಿನ್ ಎಂಬ ಮೇಣ. ಮಳೆಯಲ್ಲಿ ನೆನೆಯುವ ಕುರಿಯ ಮೈಯನ್ನು ಕಾಯಲೆಂದು ದೇವರು ಕೊಟ್ಟ ಜಿಡ್ಡು ಕಬ್ಬಿಣದ ಮೈಗೂ ಒಗ್ಗುತ್ತದೆ.

ಪ್ರಾಣಕ್ಕೆ ಬೇಕಾದ ಹತ್ಯಾರುಗಳ ಕತೆ ಬೇರೆ. ಅವು ಬಳಕೆಗೆ ಬರುವುದು ಅಪರೂಪ; ಬಂದಾಗ ತಪ್ಪುವಂತಿಲ್ಲ. ಇವಕ್ಕೆ ಉಸಿರಾಡದ ಪೆಟ್ಟಿಗೆಯೇ ಬೇಕು. ಇಲ್ಲಿ ನಮ್ಮ ಕುರಕುಂಭ ನೆರವಿಗೆ ಬಂತು. ಫಿರಂಗಾಯಿ ದೇವಿಯ ಈ ಊರಿನಲ್ಲಿ ರಾಸಾಯನಿಕ ಕಾರ್ಖಾನೆಗಳ ವಸಾಹತು ಬಂದ ಮೇಲೆ ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮು ಎಲ್ಲಿ ನೋಡಿದರಲ್ಲಿ. ಅಗಲ ಬಾಯಿ, ರಬ್ಬರಿನ ಬಳೆ, ಬಿಗಿಯುವ ಪಟ್ಟಿ. ಬಳಸಿ ಬಿಟ್ಟ ಡ್ರಮ್ಮಿನಲ್ಲಿ ಏನಿತ್ತೆಂದು ಯಾರು ಬಲ್ಲರು, ಅದರ ಗೋಜು ಬೇಡ. ಹೊಸದನ್ನೇ, ಚಿಕ್ಕದನ್ನು, ಕೊಂಡೆವು. ಪುಣೆಯ ಬಸ್ಸಿನ ಕಂಡಕ್ಟರನೊಡನೆ ಅದರ ಟಿಕೆಟ್ಟಿನ ಬಗ್ಗೆ ನಡೆದ ವಾಗ್ವಾದವನ್ನು ಇನ್ನೊಮ್ಮೆ ಬರೆಯೋಣ. ಅದರೊಳಗೆ ಈಗ ಹದಿನೇಳರದೂ ಸೇರಿದಂತೆ ಆ ಯಂತ್ರಕ್ಕೆ ಬೇಕಾದ ಆರು ಸ್ಪ್ಯಾನರು, ಒಂದು ಇಕ್ಕಳ, ಒಂದು ಸ್ಕ್ರೂ ಡ್ರೈವರು, ಒಂದು ಟಾರ್ಚು. ಎಲ್ಲವೂ ತೊಳೆದು ಗ್ರೀಸು ಸವರಿದವು. ಜೊತೆಗೆ ಸಿಲಿಕಾ ಜೆಲ್ಲಿನ ಚೀಲ. ಔಷಧದ ಶೀಷೆಗಳಲ್ಲಿ ಬರುವ ಪುಟ್ಟ ಪೊಟ್ಟಣಗಳನ್ನು ನಮ್ಮ ಮನೆಯವರು ವರ್ಷವೆಲ್ಲ ಕೂಡಿಟ್ಟಿದ್ದರು. ಅವು ಅಷ್ಟರಲ್ಲೇ ತೇವ ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತವೆಂದು ಹೇಳಲು ನಮಗೆ ಧೈರ್ಯ ಸಾಲದೆ, ಬೇರೆಯೇ ಕೊಂಡೆವು. ಒಳ್ಳೆಯ ಸಿಲಿಕಾ ಜೆಲ್ಲು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ನೀರನ್ನು ಹಿಡಿಯಬಲ್ಲುದು; ತುಂಬಿದ ಮೇಲೆ ಬಣ್ಣ ಬದಲಾಗುತ್ತದೆ, ಕಾಯಿಸಿದರೆ ಮತ್ತೆ ಹೊಸದು. ಕೆಲವರು ಕರ್ಪೂರದ ಬಿಲ್ಲೆ ಹಾಕುತ್ತಾರೆ. ಹಾಕಿದರೆ ನಷ್ಟವಿಲ್ಲ, ಅದರ ಮೇಲೆಯೇ ಭಾರ ಹಾಕಬಾರದು. ತುಕ್ಕು ತಡೆಯುವ ಆವಿಯನ್ನು ಬಿಡುವ ಕಾಗದ ಈಗ ಪೇಟೆಯಲ್ಲಿ ಸಿಗುತ್ತದೆ; ಕಾರ್ಖಾನೆಗಳಲ್ಲಿ ಬೇರಿಂಗುಗಳನ್ನು ಸುತ್ತಿ ಬರುವುದು ಅದರಲ್ಲೇ.

ಭಾವನವರ ಬೋಟಿನ ಹಿರಿಯ ಕಲಾಸಿಯೊಬ್ಬರು ಡ್ರಮ್ಮನ್ನು ನೋಡಿ, ತಮ್ಮದೂ ಇರಲೆಂದು ಸತುವಿನ ತುಂಡೊಂದನ್ನು ಒಳಗಿಟ್ಟರು. ಬೋಟಿನ ಅಡಿಗೆ ಸತು ಕಟ್ಟಿದರೆ ಕಬ್ಬಿಣ ಉಳಿಯುತ್ತದೆಂಬುದು ಅವರ ಅನುಭವ, ಅದು ನಿಜ ಕೂಡ. ಇಂಗ್ಲೆಂಡಿನ ಹಂಫ್ರಿ ಡೇವಿ ಎಂಬ ವಿಜ್ಞಾನಿ ೧೮೨೪ರಲ್ಲೇ ಹಡಗಿನ ಅಡಿಯ ತಾಮ್ರದ ತಗಡಿಗೆ ಸತುವನ್ನೋ ಕಬ್ಬಿಣವನ್ನೋ ಜೋಡಿಸಿದರೆ, ಆ ಲೋಹ ತಾನು ಸವೆದು ತಾಮ್ರವನ್ನು ಉಳಿಸುತ್ತದೆಂದು ತೋರಿಸಿದ್ದ. ತಮಾಷೆಯೆಂದರೆ, ತಾಮ್ರ ಉಳಿಯಿತು, ಆದರೆ ತಾಮ್ರ ಕರಗಿ ನೀರಿಗೆ ವಿಷ ಬಿಡುವುದು ನಿಂತದ್ದರಿಂದ ಚಿಪ್ಪುಹುಳುಗಳು ಹಡಗಿನ ಅಡಿಗೆ ಮುತ್ತಿ ಓಟವೇ ಕುಂಠಿತವಾಯಿತು! ಅದಿರಲಿ. ಸತುವಿನ ಈ ತ್ಯಾಗ ನಡೆಯಬೇಕಾದರೆ ಎರಡೂ ಲೋಹಗಳು ಒಂದನ್ನೊಂದು ಮುಟ್ಟಿರಬೇಕು, ಎರಡೂ ಒಂದೇ ನೀರಿನಲ್ಲಿ ಮುಳುಗಿರಬೇಕು. ಒಣ ಡ್ರಮ್ಮಿನಲ್ಲಿ ಅದು ತಾಯಿತವಷ್ಟೆ. ನಾವು ಅದನ್ನು ತೆಗೆಯಲಿಲ್ಲ. ಹಿರಿಯರು ಕಟ್ಟಿದ ತಾಯಿತವನ್ನು ಯಾರು ತೆಗೆದಾರು?

"ಇಷ್ಟೆಲ್ಲ ಏಕೆ, ಸ್ಟೇನ್‌ಲೆಸ್ಸಿನದೇ ಕೊಂಡರಾಯಿತು" ಎನ್ನುವವರಿದ್ದಾರೆ. ಕನಿಷ್ಠ ಹತ್ತೂವರೆ ಪಾಲು ಕ್ರೋಮಿಯಮ್ ಬೆರೆತ ಉಕ್ಕು ತನ್ನ ಮೇಲೆ ತಾನೇ ಒಂದು ಕಾಣದ ಪದರು ಕಟ್ಟಿಕೊಳ್ಳುತ್ತದೆ, ನಿಜ. ಆದರೆ ಗಾಳಿ ಸೋಕದ ಸಂದಿಯಲ್ಲಿ ಉಪ್ಪುನೀರು ನಿಂತರೆ ಅದಕ್ಕೂ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ. ಬೆಲೆಯೂ ಹೆಚ್ಚು. ಪೇಟೆಯಲ್ಲಿ ಹೊಳೆಯುವ ಸ್ಪ್ಯಾನರುಗಳೆಲ್ಲ ಸ್ಟೇನ್‌ಲೆಸ್ಸು ಅಲ್ಲ, ಬರಿಯ ಕ್ರೋಮಿಯಮ್ ಲೇಪ; ಒಂದು ಕಡೆ ಲೇಪ ಎದ್ದರೆ ತುಕ್ಕು ಅದರ ಅಡಿಯಿಂದಲೇ ನಡೆಯುತ್ತದೆ.

ಗಂಗೊಳ್ಳಿಯ ದಕ್ಕೆಯ ಮೇಲೆ ಈ ಮಾತುಗಳಾಡುತ್ತಿದ್ದಾಗ ಯಾರೋ ಕೊಡಚಾದ್ರಿಯ ಕಂಬದ ಮಾತೆತ್ತಿದರು. ಸೌಪರ್ಣಿಕೆ ಹುಟ್ಟುವ ಆ ಬೆಟ್ಟದ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಬಳಿ, ಕಬ್ಬಿಣದ ಕಂಬವೊಂದು ಮಳೆಗೆ ಮೈಯೊಡ್ಡಿ ನಿಂತಿದೆ. ಲೋಹಶಾಸ್ತ್ರಜ್ಞರೂ ಅದನ್ನು ಪರೀಕ್ಷಿಸಿದ್ದಾರೆ. "ಅದಕ್ಕೆ ಯಾರು ಎಣ್ಣೆ ಹಾಕಿದರು?" ಎಂಬ ಪ್ರಶ್ನೆ. ದಿಲ್ಲಿಯ ಪ್ರಸಿದ್ಧ ಸ್ತಂಭದ ವಿಷಯವನ್ನು ನಾವು ಹೇಳಿದೆವು. ಆರು ಟನ್ನಿಗೂ ಹೆಚ್ಚು ತೂಕದ, ಸುಮಾರು ಸಾವಿರದ ಆರುನೂರು ವರ್ಷ ಹಳೆಯ ಆ ಕಂಬದ ಕಬ್ಬಿಣದಲ್ಲಿ ಈಗಿನ ಉಕ್ಕಿಗಿಂತ ರಂಜಕ ಹೆಚ್ಚು. ಆ ರಂಜಕದಿಂದಾಗಿ ಅದರ ಮೈಮೇಲೆ ತೆಳ್ಳಗಿನ ಒಂದು ರಕ್ಷೆಯ ಪದರು ಕೂಡಿಬಂದಿದೆಯೆಂದು ಕಾನಪುರದ ಐಐಟಿಯ ಆರ್. ಬಾಲಸುಬ್ರಮಣಿಯಮ್ ಅವರು ವಿವರಿಸಿದ್ದಾರೆ. ಇದ್ದಿಲಿನ ಕುಲುಮೆಯ ಕಬ್ಬಿಣದ ಗುಣ ಅದು. ಇನ್ನೊಂದು ಮಾತು: ಮಳೆ ಸಿಹಿನೀರು. ನಿಂತ ಕಂಬವನ್ನು ತೊಳೆಯುತ್ತದೆ, ಗಾಳಿ ಒಣಗಿಸುತ್ತದೆ. ಕಂಬವನ್ನು ಯಾರೂ ಒದ್ದೆಗೋಣಿಯೊಡನೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿಲ್ಲ. ಭಾವ ಇದಕ್ಕೆ ನಕ್ಕರು. ಆ ಸಲ ನಾವು ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಕುರಕುಂಭದಲ್ಲಿರುವವರಿಗೆ ಕಡಲಿನ ಈ ಪುರಾಣವೇಕೆಂದು ಕೇಳಬಹುದು. ಇಲ್ಲಿ ಮಳೆ ಕಡಿಮೆ, ಗಾಳಿ ಒಣ, ಆದರೂ ನಮ್ಮ ಪಕ್ಕದ ಮನೆಯವರ ಹೊಸ ಹತ್ಯಾರುಗಳು ಆರೇ ತಿಂಗಳಲ್ಲಿ ಕೆಂಪಾದವು. ಹೋಗಿ ನೋಡಿದರೆ ಅದೇ ಕಪಾಟಿನಲ್ಲಿ ಪಾಯಖಾನೆ ತೊಳೆಯುವ ಆಸಿಡ್ಡಿನ ಬಾಟಲಿ, ಮುಚ್ಚಳ ಸಡಿಲ. ಆ ಆವಿ ಒಂದೇ ಸಾಕು. ಬಾಟಲಿಯನ್ನು ಹೊರಗಿಟ್ಟ ಮೇಲೆ ಕೇಡು ನಿಂತಿತು. ಹಿಡಿದ ತು‌ಕ್ಕನ್ನು ಬಿಡಿಸಲು ಹುಣಸೆಹುಳಿ ಆಗುತ್ತದೆ, ದೀಪಗಳನ್ನು ಬೆಳಗುವಂತೆಯೇ. ಆದರೆ ಆಗಾಗ ತೆಗೆದು ನೋಡಬೇಕು. ನಾವೊಮ್ಮೆ ಹುಳಿನೀರಿನಲ್ಲಿ ಸ್ಪ್ಯಾನರು ಹಾಕಿ ಎರಡು ದಿನ ಮರೆತು, ಸ್ಪ್ಯಾನರಿನ ಮೈಯೆಲ್ಲ ಸಿಡುಬಿನ ಕಲೆಯಾಗಿ, ಅದನ್ನು ಹಾಕಿಟ್ಟ ಪಾತ್ರೆಯ ವಿಷಯದಲ್ಲಿ ಮನೆಯಲ್ಲಿ ಕೇಳಬಾರದ್ದನ್ನೆಲ್ಲ ಕೇಳಿದೆವು. ಹುಳಿಯಿಂದ ತೆಗೆದ ಮೇಲೆ ಅಡಿಗೆಸೋಡದ ನೀರಿನಲ್ಲಿ ತೊಳೆದು, ಕಾಯಿಸಿ, ಒಡನೆಯೇ ಎಣ್ಣೆ ಹಚ್ಚದಿದ್ದರೆ ಗಂಟೆಯೊಳಗೆ ಮತ್ತೆ ಕೆಂಪು.

ಗಂಗೊಳ್ಳಿಯ ಡ್ರಮ್ಮನ್ನು ಕಳೆದ ಮೇ ತಿಂಗಳ ಕೊನೆಯಲ್ಲಿ ಮುಚ್ಚಿ, ಆಗಸ್ಟ್ ಒಂದರಂದು ಎಲ್ಲರೆದುರು ತೆರೆದರಂತೆ. ಹದಿನೇಳರ ಸ್ಪ್ಯಾನರನ್ನು ಕೈಯಲ್ಲಿ ಹಿಡಿದ ಫೋಟೋವನ್ನು ಭಾವ ಫೋನಿನಲ್ಲಿ ಕಳಿಸಿದರು. ಜೊತೆಗೆ ಒಂದಕ್ಷರವೂ ಬರೆದಿರಲಿಲ್ಲ. ಮಾರನೆಯ ದಿನ ತಂಗಿ ಫೋನು ಮಾಡಿ, ಬೇರೆ ಎರಡು ಬೋಟಿನವರು ಅಂಥದ್ದೇ ಡ್ರಮ್ಮು ಬೇಕೆನ್ನುತ್ತಾರೆ ಎಂದಳು. ಎರಡನ್ನು ಕಳಿಸಿದೆವು. ಒಂದು ಬೋಟು ಸೇರಿತು. ಇನ್ನೊಂದನ್ನು ಅವಳ ಅತ್ತೆಯವರು, ಮಳೆಗಾಲದಲ್ಲಿ ಹಲಸಿನ ಹಪ್ಪಳ ಮೆತ್ತಗಾಗದೆ ಉಳಿಯಲು ಇದಕ್ಕಿಂತ ಒಳ್ಳೆಯದು ಸಿಗದೆಂದು, ಅಟ್ಟಕ್ಕೆ ಏರಿಸಿದ್ದಾರೆ. ಆ ಬೋಟಿನವರಿಗಾಗಿ ಈ ವಾರ ಮೂರನೆಯದನ್ನು ಕಟ್ಟಿಡಬೇಕು.